ಕಡಲ ಜೇಡ

ಕಡಲ ಜೇಡಗಳು ಪಿಕ್ನೊಗೊನಿಡ ವರ್ಗಕ್ಕೆ ಸೇರಿದ ಸಮುದ್ರವಾಸಿ ಸಂಧಿಪದಿಗಳು. ಹೆಸರು ಹಾಗಿದ್ದರೂ ಇವು ನಿಜವಾದ ಜೇಡಗಳಲ್ಲ. ಜೇಡ, ಚೇಳುಗಳನ್ನೊಳಗೊಂಡ ಕೆಲಿಸರೇಟ ಗುಂಪಿನಿಂದ ಬಹು ಹಿಂದೆಯೇ ಕವಲೊಡೆದ ಶಾಖೆಯೆಂದು ಇವನ್ನು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನಲ್ಲಿ ಸುಮಾರು 42.5 ಕೋಟಿ ವರ್ಷ ಹಳೆಯ ಕಡಲ ಜೇಡದ ಪಳೆಯುಳಿಕೆ ದೊರೆತಿದೆ. ಇಂದು ಬದುಕಿರುವ ಪ್ರಭೇದಗಳಲ್ಲಿ 1,300ಕ್ಕೂ ಹೆಚ್ಚನ್ನು ಗುರುತಿಸಲಾಗಿದೆ.

ದೇಹರಚನೆ

ಕಾಲುಗಳನ್ನು ಬಿಟ್ಟರೆ ಈ ಪ್ರಾಣಿಯಲ್ಲಿ ಉಳಿಯುವುದು ಅತ್ಯಲ್ಪ. ಮುಂಡ ಕಿರಿದು, ಉದರವಂತೂ ಒಂದು ಸಣ್ಣ ಮೊಟಕು ಭಾಗ ಮಾತ್ರ. ಹೀಗಾಗಿ ಒಳಾಂಗಗಳಿಗೆ ಕಾಲುಗಳೇ ಆಶ್ರಯ. ಜೀರ್ಣನಾಳದ ಕವಲುಗಳು ಪ್ರತಿಯೊಂದು ಕಾಲಿನೊಳಕ್ಕೂ ಚಾಚಿರುತ್ತವೆ. ಅಂಡಾಶಯ, ವೃಷಣಗಳೂ ಅಲ್ಲಿಗೆ ಹರಡಿದ್ದು, ಜನನರಂಧ್ರಗಳು ಕಾಲುಗಳ ಮೇಲೆಯೇ ಇವೆ. ಸಾಮಾನ್ಯವಾಗಿ ನಾಲ್ಕು ಜೊತೆ ಕಾಲುಗಳಿದ್ದು, ಕೆಲವು ಪ್ರಭೇದಗಳಲ್ಲಿ ಐದು ಅಥವಾ ಆರು ಜೊತೆಗಳಿವೆ. ತಲೆಯ ಮುಂಭಾಗದ ಸೊಂಡಿಲಿನಿಂದ ಸ್ಪಂಜು, ಕಡಲ ಹೂ, ಹೈಡ್ರಾಯ್ಡ್ ಮುಂತಾದ ಮೃದು ಜೀವಿಗಳ ರಸವನ್ನು ಹೀರುತ್ತವೆ.

ಕಡಲ ಜೇಡಕ್ಕೆ ಕಿವಿರುಗಳಾಗಲಿ ಬೇರೆ ಯಾವುದೇ ಉಸಿರಾಟದ ಅಂಗವಾಗಲಿ ಇಲ್ಲ. ನೀರಿನಲ್ಲಿರುವ ಆಮ್ಲಜನಕ ಹೊರಕವಚದ ಮೂಲಕ ನೇರವಾಗಿ ಒಳಸೇರುತ್ತದೆ. ಹೃದಯವೇನೋ ಉಂಟು, ಆದರೆ ಅದರ ಬಲ ಮುಂಡದ ಆಸುಪಾಸಿಗೆ ಸಾಲುವಷ್ಟು ಮಾತ್ರ. ಕಾಲುಗಳೊಳಗೆ ಆಮ್ಲಜನಕವನ್ನು ಸಾಗಿಸುವಲ್ಲಿ ಕರುಳಿನ ಅಲೆಯಂಥ ಸಂಕೋಚನಗಳದೇ ಮುಖ್ಯ ಪಾತ್ರವೆಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಆಹಾರವನ್ನು ಅರಗಿಸುವ ನಾಳವೇ ಇಲ್ಲಿ ಹೃದಯದ ಕೆಲಸಕ್ಕೂ ಒದಗುತ್ತದೆ.

ಆವಾಸ

ಉಬ್ಬರವಿಳಿತದ ದಡದಿಂದ ಸುಮಾರು 7,000 ಮೀಟರ್ ಆಳದವರೆಗೆ, ಎಲ್ಲ ಸಾಗರಗಳಲ್ಲಿಯೂ ಇವು ಕಂಡುಬರುತ್ತವೆ. ಹೆಚ್ಚಿನವು ಕೆಲವೇ ಮಿಲಿಮೀಟರ್ ಗಾತ್ರದವಾದ್ದರಿಂದ ಕಣ್ಣಿಗೆ ಬೀಳುವುದು ಅಪರೂಪ. ದೊಡ್ಡ ಪ್ರಭೇದಗಳು ಧ್ರುವ ಪ್ರದೇಶದ ತಣ್ಣೀರಿನಲ್ಲಿ ಮತ್ತು ಆಳ ಸಮುದ್ರದಲ್ಲಿವೆ. ಕೊಲೊಸೆಂಡೀಸ್ ಕೊಲೊಸಿಯದ ಕಾಲುಗಳ ಹರವು ಸುಮಾರು 70 ಸೆಂಟಿಮೀಟರ್ ಮುಟ್ಟುತ್ತದೆ.

ಸಂತಾನೋತ್ಪತ್ತಿ

ಗಂಡು ಹೆಣ್ಣುಗಳು ಬಹುತೇಕ ಪ್ರತ್ಯೇಕ. ಹೆಣ್ಣು ಮೊಟ್ಟೆಗಳನ್ನು ಹೊರಬಿಟ್ಟೊಡನೆ ಗಂಡು ಅವುಗಳನ್ನು ದೇಹದ ಹೊರಗೇ ಫಲೀಕರಿಸುತ್ತದೆ. ಬಳಿಕ ಕಾಲುಗಳಲ್ಲಿರುವ ಗ್ರಂಥಿಗಳ ಅಂಟಿನಿಂದ ಅವನ್ನು ಉಂಡೆಗಟ್ಟಿ, ಅಂಡವಾಹಕವೆಂಬ ವಿಶೇಷ ಉಪಾಂಗಗಳಿಗೆ ಸುತ್ತಿಕೊಂಡು, ಮರಿಗಳು ಹೊರಬರುವವರೆಗೂ ಹೊತ್ತು ತಿರುಗುತ್ತದೆ. ಮೊಟ್ಟೆಯಿಂದ ಸಾಮಾನ್ಯವಾಗಿ ಮೂರು ಜೊತೆ ಉಪಾಂಗಗಳಿರುವ ಪ್ರೋಟೋನಿಂಫಾನ್ ಎಂಬ ಡಿಂಬ ಹೊರಬರುತ್ತದೆ. ಕೆಲವು ಪ್ರಭೇದಗಳ ಡಿಂಬಗಳು ಹೈಡ್ರಾಯ್ಡ್‌ಗಳ ಮೇಲೆ ಪರಾವಲಂಬಿಗಳಾಗಿ ಬೆಳೆಯುತ್ತವೆ.

ಅಂಟಾರ್ಕ್ಟಿಕದ ಕೊಲೊಸೆಂಡೀಸ್ ಮೆಗಲೊನಿಕ್ಸ್‌ನ ಗಂಡು ಮೊಟ್ಟೆ ಹೊತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಅದರ ಸಂತಾನಕ್ರಮ ಬಹುಕಾಲ ಒಗಟಾಗಿತ್ತು. 2024ರಲ್ಲಿ ಪ್ರಕಟವಾದ ಅವಲೋಕನದ ಪ್ರಕಾರ ಜೋಡಿಯಲ್ಲೊಂದು, ಬಹುಶಃ ಗಂಡು, ಮೊಟ್ಟೆಗಳನ್ನು ತಳದ ಕಲ್ಲಿಗೆ ಎರಡು ದಿನಗಳ ಕಾಲ ಅಂಟಿಸಿತು. ಕೆಲವೇ ವಾರಗಳಲ್ಲಿ ಅವುಗಳ ಮೇಲೆ ಪಾಚಿ ಬೆಳೆದು, ಕಲ್ಲಿನಿಂದ ಬೇರ್ಪಡಿಸಿ ಗುರುತಿಸಲಾಗದಷ್ಟು ಅವು ಮರೆಯಾದವು.