ಮಿಜಾರಿನಲ್ಲಿ ಸಿವಿಲ್ ಓದೋರು ಯಾರು?

2020ರ ಫೆಬ್ರವರಿ. ನಮ್ಮ ನ್ಯೂಸ್‌ರೂಮಿನ ಅಷ್ಟೂ ಪರದೆಗಳ ಮೇಲೆ ಒಂದೇ ಮುಖ. ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡ. ಐಕಳ ಕಂಬಳದ ಕೆಸರುಗದ್ದೆಯಲ್ಲಿ ಕೋಣಗಳ ಹಿಂದೆ 142.5 ಮೀಟರ್ ದೂರವನ್ನ 13.62 ಸೆಕೆಂಡಿನಲ್ಲಿ ಮುಗಿಸಿದವರು. ಉಸೇನ್ ಬೋಲ್ಟ್ ಜೊತೆ ಹೋಲಿಕೆ ಶುರುವಾಯ್ತು, ದೆಹಲಿಯಿಂದ ಮಂತ್ರಿಗಳು ಟ್ರಯಲ್ಸ್‌ಗೆ ಬನ್ನಿ ಅಂದರು, ದೇಶದ ಎಲ್ಲ ಚಾನೆಲ್ಲೂ ಕೂಗಾಡಿತು. ನಾನೂ ಕೂಗಾಡಿದೆ, ಒಪ್ಪಿಕೊಳ್ತೀನಿ. ಆ ಗದ್ದಲದಲ್ಲಿ ಒಂದು ಸಾಲು ಮಾತ್ರ ಎಲ್ಲರೂ ಓದಿ ಮುಂದಕ್ಕೆ ಹೋಗಿಬಿಟ್ಟೆವು: ಅವರು ಕಟ್ಟಡ ಕಾರ್ಮಿಕ.

ಆ ಸಾಲು ನನಗೆ ಮತ್ತೆ ನೆನಪಾಗಿದ್ದು ಎಷ್ಟೋ ದಿನ ಆದಮೇಲೆ, ಅದೇ ಮಿಜಾರಿಗೆ ಒಂದು ಕಾಲೇಜು ಕಾರ್ಯಕ್ರಮಕ್ಕೆ ಹೋದಾಗ. ಊರು ದೊಡ್ಡದಲ್ಲ. ಅಡಿಕೆ ತೋಟ, ಗುಡ್ಡ, ಮುರಕಲ್ಲಿನ ಮನೆಗಳು. ಆದರೆ ಇಂಥ ಊರಿನ ಆಸುಪಾಸಿನಲ್ಲೇ ಎರಡು ಇಂಜಿನಿಯರಿಂಗ್ ಕಾಲೇಜು! 2007ರಲ್ಲಿ ಬಡಗ ಮಿಜಾರಿನಲ್ಲಿ ಮೈಟ್ ಶುರುವಾಯ್ತು, 2008ರಲ್ಲಿ ಆಳ್ವಾಸ್‌ನವರ ಇಂಜಿನಿಯರಿಂಗ್ ಕಾಲೇಜು. ಎರಡೂ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೆಳಗೆ.

ಭಾಷಣ ಮುಗಿದ ಮೇಲೆ ಮಕ್ಕಳು ಸುತ್ತುಗಟ್ಟಿದರು. ಯಾವ ಬ್ರಾಂಚು ಅಂತ ಕೇಳ್ತಾ ಹೋದೆ. ಸಿಎಸ್, ಎಐ ಎಂಎಲ್, ಡೇಟಾ ಸೈನ್ಸ್, ಮತ್ತೆ ಸಿಎಸ್. ಹಿಂದೆ ನಿಂತಿದ್ದ ಒಬ್ಬಳು ಹುಡುಗಿ ಮೆಲ್ಲಗೆ ಅಂದಳು, "ಸಿವಿಲ್ ಸರ್." ಪಕ್ಕದವರು ನಕ್ಕರು. ಗೇಲಿ ಅಲ್ಲ, ಆದರೆ ಒಂಥರಾ ಕನಿಕರದ ನಗು.

"ಯಾಕಮ್ಮ ಸಿವಿಲ್?" ಅಂದೆ.

"ಅಪ್ಪ ಮೇಸ್ತ್ರಿ ಸರ್. ಕೆಲಸ ಅವರಿಗೆ ಗೊತ್ತುಂಟು. ಲೆಕ್ಕ ನನಗೆ ಗೊತ್ತಾಗ್ಬೇಕು."

ನೋಡಿ, ಈ ಒಂದು ಮಾತಿನ ಹಿಂದೆ ಇನ್ನೂರು ವರ್ಷದ ಇತಿಹಾಸ ಇದೆ. ಅದನ್ನ ಹೇಳ್ತೀನಿ, ಸ್ವಲ್ಪ ಸಮಾಧಾನವಾಗಿ ಕೇಳಿ.

ಮೊದಲಿಗೆ ಸಿವಿಲ್ ಅನ್ನೋ ಪದ. ಯುರೋಪಿನಲ್ಲಿ ಇಂಜಿನಿಯರ್ ಅಂದ್ರೆ ಸೈನ್ಯದವನು. ಕೋಟೆ ಕಟ್ಟೋನು, ಕೋಟೆ ಒಡೆಯೋನು. ಹದಿನೆಂಟನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಸ್ಮೀಟನ್, ನಾನು ಸೈನ್ಯದವನಲ್ಲ, ಜನಸಾಮಾನ್ಯರಿಗೆ ಸೇತುವೆ, ಕಾಲುವೆ, ದೀಪಸ್ತಂಭ ಕಟ್ಟೋನು ಅಂತ ತನ್ನನ್ನ ಸಿವಿಲ್ ಇಂಜಿನಿಯರ್ ಅಂತ ಕರೆದುಕೊಂಡ. ಅಂದರೆ ಸಿವಿಲ್ ಅನ್ನೋದು ಆಗ ಹತ್ತು ಬ್ರಾಂಚುಗಳಲ್ಲಿ ಒಂದು ಬ್ರಾಂಚ್ ಆಗಿರಲಿಲ್ಲ ಸ್ವಾಮಿ. ಮಿಲಿಟರಿ ಬಿಟ್ಟರೆ ಉಳಿದದ್ದೆಲ್ಲಾ ಸಿವಿಲ್ಲೇ!

ಭಾರತದಲ್ಲೂ ಹಾಗೇ. ಮದ್ರಾಸಿನಲ್ಲಿ 1794ರಲ್ಲಿ ಸರ್ವೆ ಶಾಲೆ ಶುರುವಾಯ್ತು. ಅದೇ ಬೆಳೆದು ಗಿಂಡಿ ಇಂಜಿನಿಯರಿಂಗ್ ಕಾಲೇಜಾಯ್ತು. ರೂರ್ಕಿಯದು 1847, ಗಂಗಾ ಕಾಲುವೆ ಕಟ್ಟೋಕೆ ಜನ ಬೇಕಿತ್ತು. ಪುಣೆಯದು 1854. ಬ್ರಿಟಿಷರಿಗೆ ನಮ್ಮ ಮೇಲೆ ಪ್ರೀತಿ ಉಕ್ಕಿ ಶುರು ಮಾಡಿದ ಕಾಲೇಜುಗಳಲ್ಲ ಇವು. ಭೂಮಿ ಅಳೀಬೇಕು, ಕಂದಾಯ ಎತ್ತಬೇಕು, ರಸ್ತೆ ಹಾಕಬೇಕು. ಎಲ್ಲದಕ್ಕೂ ಇಂಗ್ಲೆಂಡಿನಿಂದಲೇ ಜನ ತರಿಸಿದರೆ ದುಬಾರಿ. ಅದಕ್ಕೆ ಇಲ್ಲೇ ಓವರ್‌ಸಿಯರುಗಳನ್ನ ತಯಾರು ಮಾಡಿದರು.

ಇಲ್ಲೇ ಒಂದು ಗೆರೆ ಬಿತ್ತು. ಅದಕ್ಕೆ ಮುಂಚೆ ಕಟ್ಟೋನು, ಲೆಕ್ಕ ಹಾಕೋನು ಇಬ್ಬರೂ ಒಬ್ಬನೇ. ಮಿಜಾರಿನಿಂದ ಕೆಲವೇ ಕಿಲೋಮೀಟರ್ ದೂರದ ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು. ಕಾರ್ಕಳದ 42 ಅಡಿಯ ಗೊಮ್ಮಟ ನಿಂತದ್ದು 1432ರಲ್ಲಿ. ವರ್ಷಕ್ಕೆ ಹತ್ತಿರ ಹತ್ತಿರ 4,000 ಮಿಲಿಮೀಟರ್ ಮಳೆ ಸುರಿಯೋ ಸೀಮೆಯಲ್ಲಿ ಆ ಬಸದಿಯ ಇಳಿಜಾರು ಮಾಡು ಇವತ್ತಿಗೂ ನೀರನ್ನ ಜಾರಿಸ್ತಾ ಇದೆ. ಅದನ್ನ ಕಟ್ಟಿದವರ ಹತ್ತಿರ ಡಿಗ್ರಿ ಇರಲಿಲ್ಲ, ಲೆಕ್ಕ ಇತ್ತು. ಕಾಲೇಜು ಬಂದ ಮೇಲೆ ಲೆಕ್ಕ ಕಾಗದಕ್ಕೆ ಹೋಯ್ತು, ಇಂಗ್ಲಿಷಿಗೆ ಹೋಯ್ತು. ಮೇಸ್ತ್ರಿ ಕೈಯಲ್ಲಿ ಕರಣಿ ಮತ್ತು ತೂಗುಗುಂಡು ಉಳೀತು. ಇಂಜಿನಿಯರ್ ಕೊಡೆ ಹಿಡ್ಕೊಂಡು ದೂರದಲ್ಲಿ ನಿಂತ.

ಗೆರೆ ದಾಟೋದು ಎಷ್ಟು ಕಷ್ಟ ಇತ್ತು ಅನ್ನೋದಕ್ಕೆ ನಮ್ಮ ವಿಶ್ವೇಶ್ವರಯ್ಯನವರೇ ಸಾಕ್ಷಿ. ಮುದ್ದೇನಹಳ್ಳಿಯ ಹುಡುಗ, ಚಿಕ್ಕವಯಸ್ಸಿಗೇ ತಂದೆಯನ್ನ ಕಳೆದುಕೊಂಡವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿದರು. ಇಂಜಿನಿಯರಿಂಗ್ ಓದೋಣ ಅಂದ್ರೆ ಇಡೀ ಮೈಸೂರು ಸಂಸ್ಥಾನದಲ್ಲಿ ಕಾಲೇಜೇ ಇಲ್ಲ. ಸಂಸ್ಥಾನದ ವಿದ್ಯಾರ್ಥಿವೇತನ ಸಿಕ್ಕಿದ್ದಕ್ಕೆ ಪುಣೆಗೆ ಹೋದರು, 1883ರಲ್ಲಿ ಮೊದಲ ಸ್ಥಾನದಲ್ಲಿ ಪಾಸಾದರು, 1884ರಲ್ಲಿ ಬೊಂಬಾಯಿ ಸರ್ಕಾರದ ಕೆಲಸಕ್ಕೆ ಸೇರಿದರು. ಗಮನಿಸಿ, ಮೈಸೂರಿನ ದುಡ್ಡು, ಬೊಂಬಾಯಿಗೆ ಇಂಜಿನಿಯರ್! ಮುಖ್ಯ ಇಂಜಿನಿಯರಾಗಿ ಅವರು ಮೈಸೂರಿಗೆ ವಾಪಸ್ ಬರೋಕೆ 1909 ಆಗಬೇಕಾಯ್ತು. ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಶುರು ಮಾಡಿದರಲ್ಲ, ಅದರ ಹಿಂದೆ ಆ ಪುಣೆ ಪ್ರಯಾಣದ ನೆನಪು ಇರಲಿಲ್ಲ ಅಂತ ನನಗಂತೂ ಅನ್ನಿಸೋದಿಲ್ಲ.

ಇನ್ನು ಕರಾವಳಿಯ ಕಥೆ ಬೇರೆ. ದಕ್ಷಿಣ ಕನ್ನಡ ಆಗ ಮೈಸೂರಿನದ್ದಲ್ಲ, ಮದ್ರಾಸ್ ಪ್ರಾಂತ್ಯದ್ದು. ಬೆಂಗಳೂರಿನಲ್ಲಿ ಕಾಲೇಜಾದರೂ ಅದು ಪಕ್ಕದ ರಾಜ್ಯದ್ದು. ಮೂಡುಬಿದಿರೆ ಹುಡುಗನಿಗೆ ತನ್ನ ಸರ್ಕಾರದ ಕಾಲೇಜು ಅಂದ್ರೆ ಗಿಂಡಿ, ದೇಶದ ಇನ್ನೊಂದು ಸಮುದ್ರದ ದಡದಲ್ಲಿ. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಜಮೀನ್ದಾರರ ಮನೆ ಹುಡುಗರು ಹೋದಾರು. ಮೇಸ್ತ್ರಿ ಮಗ? ಮಗಳ ಮಾತು ಬಿಡಿ.

ದೂರ ಕಡಿಮೆ ಆಗ್ತಾ ಬಂದಿದ್ದು ಆಮೇಲೆ. 1956ರ ನವೆಂಬರ್ 1ಕ್ಕೆ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1957ರಲ್ಲಿ ಮಣಿಪಾಲದಲ್ಲಿ ಟಿ.ಎಂ.ಎ. ಪೈಗಳ ಇಂಜಿನಿಯರಿಂಗ್ ಕಾಲೇಜು. 1960ರಲ್ಲಿ ಉಳ್ಳಾಲ ಶ್ರೀನಿವಾಸ ಮಲ್ಯರು ಪಟ್ಟು ಹಿಡಿದು ಸುರತ್ಕಲ್ಲಿಗೆ ಕೆಆರ್‌ಇಸಿ ತಂದರು. ಅಲ್ಲಿ ಶುರುವಿನಲ್ಲಿ ಇದ್ದದ್ದು ಮೂರೇ ಬ್ರಾಂಚು: ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್. 1994ರಲ್ಲಿ ಸಿಇಟಿ ಬಂತು, 1998ರಲ್ಲಿ ವಿಟಿಯು. ಮದ್ರಾಸು, ಮಣಿಪಾಲ, ಸುರತ್ಕಲ್ಲು, ಕೊನೆಗೆ ಮಿಜಾರು. ಇನ್ನೂರು ವರ್ಷ ನಡೆದು ನಡೆದು ಸಿವಿಲ್ ಡಿಗ್ರಿ ಮೇಸ್ತ್ರಿ ಮನೆ ಬಾಗಿಲಿಗೆ ಬಂದು ನಿಂತಿತು.

ನಿಂತ ಹೊತ್ತಿಗೆ ಉಳಿದವರೆಲ್ಲಾ ಎದ್ದು ಹೋಗ್ತಿದ್ದಾರೆ! ರಾಜ್ಯದ ಎಷ್ಟೋ ಕಾಲೇಜುಗಳಲ್ಲಿ ಸಿವಿಲ್ ಸೀಟು ಖಾಲಿ, ಕೆಲವು ಕಡೆ ವಿಭಾಗವೇ ಮುಚ್ಚಿದೆ. 2024-25ರಿಂದ ಎಐಸಿಟಿಇ ಒಂದು ಬ್ರಾಂಚಿಗೆ ಇಷ್ಟೇ ಸೀಟು ಅನ್ನೋ ಮಿತಿಯನ್ನೂ ತೆಗೀತು. ಬೇಡಿಕೆ ಇರೋ ಕಡೆ ಸೀಟು ಹಾಕಿಕೊಳ್ಳಿ ಅಂತ. ಪೋಷಕರನ್ನ ಬೈಯೋಕೆ ನಾನು ತಯಾರಿಲ್ಲ. ನಾಲ್ಕು ವರ್ಷ ಓದಿ, ಸೈಟಿನಲ್ಲಿ ಬಿಸಿಲಲ್ಲಿ ನಿಂತ ಹುಡುಗನಿಗಿಂತ ಎಸಿ ರೂಮಿನ ಹುಡುಗನಿಗೆ ಡಬಲ್ ಸಂಬಳ ಅಂದ್ರೆ, ಸಾಲ ತೆಗೆದ ಅಪ್ಪ ಏನು ಮಾಡ್ಬೇಕು? ನನ್ನ ತಕರಾರು ಬೇರೆ.

ಆ ಕಾಲೇಜುಗಳ ಮುಂದೆ ಹಾದುಹೋಗೋದು ರಾಷ್ಟ್ರೀಯ ಹೆದ್ದಾರಿ 169. ಸಾಣೂರಿನಿಂದ ಬಿಕರ್ನಕಟ್ಟೆವರೆಗೆ 45 ಕಿಲೋಮೀಟರ್ ಚತುಷ್ಪಥ ಕಾಮಗಾರಿ. ಗುಡ್ಡ ಕತ್ತರಿಸಿದ ಕೆಂಪು ಗೋಡೆಗಳು ದಾರಿಯುದ್ದಕ್ಕೂ. ಆ ಹುಡುಗಿ ನನ್ನನ್ನ ಗೇಟಿನವರೆಗೆ ಕರ್ಕೊಂಡು ಬಂದು ಅಂಥದ್ದೊಂದು ಗೋಡೆ ತೋರಿಸಿದಳು.

"ಮೇಲೆ ಮುರಕಲ್ಲು ಸರ್, ಗಟ್ಟಿ. ಅಡಿಯಲ್ಲಿ ಶೇಡಿ ಮಣ್ಣು. ಒಣಗಿದ್ದಾಗ ಏನೂ ಆಗೂದಿಲ್ಲ. ನೀರು ಕುಡಿದ್ರೆ ಬಲ ಹೋಗ್ತದೆ."

ಶೇಡಿ ಮಣ್ಣು. ಕರಾವಳಿಯವರಿಗೆ ಗೊತ್ತು, ಬಾವಿ ತೋಡುವಾಗ ಕಲ್ಲಿನ ಕೆಳಗೆ ಸಿಗೋ ಬಿಳಿ, ಹಳದಿ, ನಸುಗೆಂಪು ಮಣ್ಣು. ಸುರತ್ಕಲ್ಲಿನ ಪ್ರಯೋಗಾಲಯಗಳಲ್ಲಿ ಇದರ ಮೇಲೆ ಎಷ್ಟೋ ವರ್ಷ ಅಧ್ಯಯನ ನಡೆದಿದೆ. ಗುಡ್ಡವನ್ನ ನೆಟ್ಟಗೆ ಕತ್ತರಿಸಿ ಈ ಮಣ್ಣನ್ನ ಮಳೆಗೆ ತೆರೆದಿಟ್ಟರೆ, ಮೇಲಿನ ಕಲ್ಲಿಗೆ ಕಾಲೇ ಇರೋದಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗ ಚಾನೆಲ್ಲಿನಲ್ಲಿ ದಿನಗಟ್ಟಲೆ ಚರ್ಚೆ ಮಾಡಿದೆ. ರಾಜಕಾರಣಿಗಳನ್ನ ಕೂರಿಸಿದೆ, ವಕ್ತಾರರನ್ನ ಕೂರಿಸಿದೆ. ಇಳಿಜಾರು ಎಷ್ಟು ಡಿಗ್ರಿ ಇರಬೇಕಿತ್ತು, ನೀರು ಹೋಗೋಕೆ ದಾರಿ ಎಲ್ಲಿತ್ತು ಅಂತ ಕೇಳೋಕೆ ನನಗೂ ಹೊಳೀಲಿಲ್ಲ. ಮೂರನೇ ವರ್ಷದ ಹುಡುಗಿಗೆ ಹೊಳೆದ ಪ್ರಶ್ನೆ ಅದು.

ಅವಳ ಓದು ಎಂಥದ್ದು ಅಂತ ಕೇಳಿದೆ. ಸರ್ವೆ, ಮಣ್ಣು, ನೀರಿನ ಹರಿವು, ಕಾಂಕ್ರೀಟು, ಲೆಕ್ಕ, ಮತ್ತೆ ಲೆಕ್ಕ. ವಿಟಿಯು ಸಿವಿಲ್‌ನಲ್ಲಿ ಬಹಳ ವರ್ಷದಿಂದ ಒಂದು ಸರ್ವೆ ಕ್ಯಾಂಪ್ ಸಂಪ್ರದಾಯ ಇದೆ. ಹೊಸ ಕೆರೆ, ಹಳೇ ಕೆರೆ, ಕುಡಿಯೋ ನೀರು, ರಸ್ತೆ, ಹೀಗೆ ನಾಲ್ಕು ಪ್ರಾಜೆಕ್ಟು. ಯಾವುದೋ ಹಳ್ಳಿಯಲ್ಲಿ ಬಿಡಾರ ಹೂಡಿ ಗುಡ್ಡ ಹತ್ತಿ ಅಳೀಬೇಕು. ಚೈನು, ಥಿಯೋಡೊಲೈಟ್ ಹೋಗಿ ಟೋಟಲ್ ಸ್ಟೇಷನ್ ಬಂದಿದೆ, ಕಾಲಿಗೆ ಚುಚ್ಚೋ ಮುಳ್ಳು ಅದೇ. ರಜೆಯಲ್ಲಿ ಅಪ್ಪನ ಸೈಟಿಗೂ ಹೋಗ್ತಾಳಂತೆ. "ಅಪ್ಪ ಕಾಂಕ್ರೀಟಿಗೆ ನೀರು ಜಾಸ್ತಿ ಹಾಕಿಸ್ತಾರೆ ಸರ್, ಕೆಲಸ ಸಲೀಸಾಗ್ತದೆ ಅಂತ. ಬಲ ಕಡಿಮೆ ಆಗ್ತದೆ ಅಂತ ನಾನು ಜಗಳ ಮಾಡ್ತೇನೆ. ಆದ್ರೆ ಸೆಂಟ್ರಿಂಗ್ ಅಲುಗಾಡ್ತದೋ ಇಲ್ಲವೋ ಅಂತ ಅವರು ತಟ್ಟಿ ನೋಡಿಯೇ ಹೇಳ್ತಾರೆ. ಅದು ನನಗೆ ಬರೂದಿಲ್ಲ."

ಫೋಟೋ ತೆಗೆಸಿಕೊಳ್ಳೋಣ ಅಂದೆ. ಲ್ಯಾಬಿಗೆ ಹೋಗ್ಬೇಕು ಸರ್ ಅಂದಳು. ತಿಂಗಳ ಹಿಂದೆ 150 ಮಿಲಿಮೀಟರಿನ ಮೂರು ಕಾಂಕ್ರೀಟ್ ಕ್ಯೂಬ್ ಹಾಕಿ ನೀರಿನಲ್ಲಿಟ್ಟಿದ್ದಳಂತೆ, ಅವತ್ತು 28ನೇ ದಿನ, ಮೆಷಿನ್ನಿಗೆ ಕೊಟ್ಟು ಒಡೆದು ನೋಡೋ ದಿನ.

ಬೆಂಗಳೂರಿಗೆ ಬಂದ ಮೇಲೆ ಏನಾಯ್ತು ಅಂತ ಅವಳ ಮೇಷ್ಟ್ರ ಮೂಲಕ ವಿಚಾರಿಸಿದೆ. ಅವಳೇ ಉತ್ತರ ಕಳಿಸಿದ್ದಳು: "ಎರಡು ಪಾಸ್ ಸರ್. ಒಂದು ಬೇಗ ಒಡೆದು ಹೋಯ್ತು. ಒಳಗೆ ಟೊಳ್ಳಿತ್ತು, ನಾನೇ ಸರಿಯಾಗಿ ಕುಟ್ಟಿರಲಿಲ್ಲ. ಮತ್ತೆ ಹಾಕಿದ್ದೇನೆ."