ತ್ರಿಜ್ಯದಲ್ಲಿ ಮೂರು ಎಲ್ಲಿದೆ?

ಈ ವರ್ಷ ಪದವಿ ಪಡೆಯುತ್ತಿರುವ ವಿದ್ಯಾರ್ಥಿನಿಯೊಬ್ಬಳು ಸಮಾರಂಭದ ಪರದೆಗೆಂದು ಜಾವಾಸ್ಕ್ರಿಪ್ಟಿನಲ್ಲಿ ಎಂಟು ದಳದ ರಂಗೋಲಿ ಬಿಡಿಸುತ್ತಿದ್ದಳು. ಒಂದು ದಳ ಬರೆದು, 45ರಂತೆ ತಿರುಗಿಸುತ್ತ ಹೋಗುವುದು ಅವಳ ಲೆಕ್ಕ. ಆದರೆ ಏಳನೆಯ ದಳ ಮೊದಲನೆಯದರ ಮೇಲೇ ಏರಿ ಕುಳಿತಿತು. ಅವಳ ಮನಸ್ಸಿನಲ್ಲಿದ್ದದ್ದು ಡಿಗ್ರಿ, ಕಂಪ್ಯೂಟರ್ ಓದಿಕೊಂಡದ್ದು ರೇಡಿಯನ್. 45 ರೇಡಿಯನ್ ಎಂದರೆ ಏಳು ಪೂರ್ತಿ ಸುತ್ತು, ಅದರ ಮೇಲೆ ಸುಮಾರು 58 ಡಿಗ್ರಿ. 45ನ್ನು ಪೈನಿಂದ ಗುಣಿಸಿ 180ರಿಂದ ಭಾಗಿಸಿದ ಮೇಲೆ ರಂಗೋಲಿ ಸರಿಹೋಯಿತು.

ರೇಡಿಯನ್ ಎಂದರೇನೆಂದು ಕನ್ನಡದಲ್ಲಿ ಹೇಳಹೊರಟೆ: ತ್ರಿಜ್ಯದಷ್ಟೇ ಉದ್ದದ ಕಂಸ ವೃತ್ತದ ಕೇಂದ್ರದಲ್ಲಿ ಉಂಟುಮಾಡುವ ಕೋನ. "ತ್ರಿ ಅಂದ್ರೆ ಮೂರಲ್ವಾ ಟೀಚರ್? ಇದರಲ್ಲಿ ಮೂರು ಎಲ್ಲಿದೆ?" ಎಂದಳು. ಹೈಸ್ಕೂಲಿನಲ್ಲಿ ಆ ಪದವನ್ನು ನೂರಾರು ಸಲ ಬರೆದವಳು ನಾನು, ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಮುಂದಿನ ಶನಿವಾರ ಹೇಳುತ್ತೇನೆಂದು ತಪ್ಪಿಸಿಕೊಂಡೆ.

ಉತ್ತರ ಸಿಕ್ಕಿದ್ದು ಖಗೋಳಶಾಸ್ತ್ರದಲ್ಲಿ. ವೃತ್ತದ 360 ಭಾಗಗಳ ಮೂಲ ಅರವತ್ತರ ಲೆಕ್ಕದ ಬ್ಯಾಬಿಲೋನ್. ಆಕಾಶದ ವೃತ್ತಕ್ಕೆ 12 ರಾಶಿ, ರಾಶಿಗೆ 30 ಡಿಗ್ರಿ, ಮೂರು ರಾಶಿಗೆ 90. ಜ್ಯಾ ಎಂದರೆ ಬಿಲ್ಲಿನ ಹೆದೆ. ನಮ್ಮ ಗಣಿತಜ್ಞರು ಅರ್ಧ ಹೆದೆಯನ್ನೂ ಜ್ಯಾ ಎಂದೇ ಕರೆದರು, ಇಂದಿನ ಸೈನ್ ಅದರಿಂದಲೇ ಬಂದದ್ದು. ಮೂರು ರಾಶಿಯ ಜ್ಯಾ ಸರಿಯಾಗಿ ಕೇಂದ್ರದಿಂದ ಪರಿಧಿಯವರೆಗೆ ಚಾಚುತ್ತದೆ. ಅದೇ ತ್ರಿಜ್ಯ!

ಇನ್ನೂ ಸೊಗಸಾದದ್ದು ಆರ್ಯಭಟನ ಕೋಷ್ಟಕ. ಕ್ರಿ.ಶ. 499ರ ಸುಮಾರಿನ 'ಆರ್ಯಭಟೀಯ'ದ ಲೆಕ್ಕದಲ್ಲಿ ಪರಿಧಿ 21,600 ಕಲೆ, ಅಂದರೆ 360ರ ಅರವತ್ತು ಪಟ್ಟು. ಆಗ ತ್ರಿಜ್ಯ 3,438 ಕಲೆ. ಬಾಗಿದ ಕಂಸಕ್ಕೂ ನೇರ ಗೆರೆಗೂ ಒಂದೇ ಅಳತೆಗೋಲು. 3,438ನ್ನು 60ರಿಂದ ಭಾಗಿಸಿ ನೋಡಿ: 57.3. ಒಂದು ರೇಡಿಯನ್ನಿಗೆ ಅಷ್ಟೇ ಡಿಗ್ರಿ. ಹಾಗೆಂದು ಆರ್ಯಭಟನೇ ರೇಡಿಯನ್ ಕಂಡುಹಿಡಿದನೆಂದು ಪೋಷಕರು ದಯವಿಟ್ಟು ವಾಟ್ಸ್‌ಆ್ಯಪ್‌ನಲ್ಲಿ ಹಂಚಬೇಡಿ. ಅವನು ಕಂಸದ ಅಳತೆಯಿಂದ ತ್ರಿಜ್ಯವನ್ನು ಅಳೆದ, ರೇಡಿಯನ್ ತ್ರಿಜ್ಯದಿಂದ ಕಂಸವನ್ನು ಅಳೆಯುತ್ತದೆ. ಇಂಗ್ಲೆಂಡಿನ ರೋಜರ್ ಕೋಟ್ಸ್ 1716ರಲ್ಲಿ ತೀರಿಕೊಂಡ ಮೇಲೆ, 1722ರಲ್ಲಿ ಹೊರಬಂದ ಅವನ ಪುಸ್ತಕದಲ್ಲಿ ಈ 57.295 ಇದೆ. ರೇಡಿಯನ್ ಎಂಬ ಹೆಸರು ಮೊದಲು ಅಚ್ಚಾದದ್ದು 1873ರ ಜೂನ್ 5ರಂದು, ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನಲ್ಲಿ ಜೇಮ್ಸ್ ಥಾಮ್ಸನ್ ಕೊಟ್ಟ ಪ್ರಶ್ನೆಪತ್ರಿಕೆಯಲ್ಲಿ. ಪಾಪ, ಆ ಮಕ್ಕಳು!

ಮುಂದಿನ ಶನಿವಾರ ಇಷ್ಟನ್ನೂ ಹೇಳಿದೆ. ಅವಳು ತನ್ನ ಪ್ರೋಗ್ರಾಮಿನಲ್ಲಿದ್ದ 'ಆರ್' ಎಂಬ ಅಕ್ಷರ ಅಳಿಸಿ, ಅಲ್ಲೆಲ್ಲ ಕನ್ನಡ ಲಿಪಿಯಲ್ಲೇ ತ್ರಿಜ್ಯ ಎಂದು ಟೈಪಿಸಿದಳು. ಕಂಪ್ಯೂಟರ್ ತಕರಾರು ಮಾಡಲಿಲ್ಲ.