ರಜೆಯ ಎರಡು ತಿಂಗಳು

ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯನ್ನು ಹೊರಗಿನವರು ಎರಡು ಕಾರಣಗಳಿಗಾಗಿ ನೆನೆಯುತ್ತಾರೆ. 1608ರಲ್ಲಿ ನಿರ್ಮಾಣಗೊಂಡ ಅನಂತನಾಥ ಬಸದಿ ಒಂದು. 1932ರಲ್ಲಿ ಅಲ್ಲಿ ಜನಿಸಿದ ಯು. ಆರ್. ಅನಂತಮೂರ್ತಿಯವರು ಇನ್ನೊಂದು. ಆದರೆ ಬೇಸಿಗೆ ಬಂತೆಂದರೆ ಮೇಳಿಗೆಯಿಂದ ಹೊಸನಗರ, ಸಾಗರದವರೆಗಿನ ಮಲೆನಾಡಿನ ಮನೆಗಳಲ್ಲಿ ಮಾತಿಗೆ ಬರುವ ಸಂಗತಿಗಳು ಬೇರೆ: ರಜೆಗೆ ಊರಿಗೆ ಬರುವ ಮಕ್ಕಳು ಮತ್ತು ಮಂಗನ ಕಾಯಿಲೆ.

"ವೈದ್ಯಕೀಯ ಓದುತ್ತಿರುವ ಮಗ ಈ ಸಲ ರಜೆಯಲ್ಲೂ ಆಸ್ಪತ್ರೆಯಲ್ಲೇ ಉಳಿಯುತ್ತಾನಂತೆ. ಸಂಶೋಧನೆಯಂತೆ. ಅದಕ್ಕೆ ಪರೀಕ್ಷೆಯಲ್ಲಿ ಅಂಕವಿಲ್ಲ, ಅದು ನೌಕರಿಯೂ ಅಲ್ಲ. ಇದೇನು ಫಾದರ್?" ಎಂದು ತಾಯಂದಿರು ಕೇಳುವುದುಂಟು. ಈ ಪ್ರಶ್ನೆಗೆ ಇತಿಹಾಸವೇ ಉತ್ತರ ಕೊಡಬಲ್ಲದು.

1869ರಲ್ಲಿ ಬರ್ಲಿನ್ ನಗರದಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ 21 ವರ್ಷದ ವಿದ್ಯಾರ್ಥಿ ಮೇದೋಜೀರಕ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ನಡುಗಡ್ಡೆಗಳಂತೆ ಚದುರಿದ ಜೀವಕೋಶಗಳ ಪುಟ್ಟ ಗುಂಪುಗಳನ್ನು ಕಂಡನು. ಅವುಗಳ ಕೆಲಸವೇನೆಂದು ಅವನಿಗೆ ತಿಳಿಯಲಿಲ್ಲ. ಕಂಡದ್ದನ್ನು ಪ್ರಾಮಾಣಿಕವಾಗಿ ಬರೆದಿಟ್ಟನು, ಅಷ್ಟೇ. ಐವತ್ತೆರಡು ವರ್ಷಗಳ ಬಳಿಕ, 1921ರ ಬೇಸಿಗೆಯಲ್ಲಿ, ಕೆನಡಾ ದೇಶದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ವೈದ್ಯ ಫ್ರೆಡರಿಕ್ ಬ್ಯಾಂಟಿಂಗ್ ಅವರಿಗೆ ಸಹಾಯಕನೊಬ್ಬ ಬೇಕಾಗಿದ್ದನು. ಇಬ್ಬರು ವಿದ್ಯಾರ್ಥಿಗಳಲ್ಲಿ ಮೊದಲ ಸರದಿ ಯಾರದೆಂದು ನಾಣ್ಯ ಚಿಮ್ಮಿ ನಿರ್ಧರಿಸಿದರೆಂದು ಹೇಳುತ್ತಾರೆ. ಅದು 22 ವರ್ಷದ ಚಾರ್ಲ್ಸ್ ಬೆಸ್ಟ್‌ನ ಪಾಲಿಗೆ ಬಂದಿತು. ಅವನು ಬೇಸಿಗೆಯಿಡೀ ಅಲ್ಲಿಯೇ ಉಳಿದನು. ಆ ನಡುಗಡ್ಡೆಗಳಲ್ಲಿ ಹುಟ್ಟುವ ಇನ್ಸುಲಿನ್ ಅವರ ಕೈಗೆ ದೊರೆಯಿತು. 1922ರ ಜನವರಿಯಲ್ಲಿ ಟೊರಾಂಟೊ ಆಸ್ಪತ್ರೆಯಲ್ಲಿ ಸಾವಿನಂಚಿನಲ್ಲಿದ್ದ 14 ವರ್ಷದ ಬಾಲಕನಿಗೆ ಅದನ್ನು ನೀಡಲಾಯಿತು. ಮೊದಲ ಚುಚ್ಚುಮದ್ದು ಫಲಿಸಲಿಲ್ಲ. ಶುದ್ಧೀಕರಿಸಿ ಕೊಟ್ಟ ಎರಡನೆಯದು ಅವನನ್ನು ಉಳಿಸಿತು. ಇಂದು ನಮ್ಮ ಎಷ್ಟೋ ಮನೆಗಳ ಫ್ರಿಜ್‌ನಲ್ಲಿರುವ ಇನ್ಸುಲಿನ್ ಸೀಸೆಯ ಹಿಂದೆ ಒಬ್ಬ ವಿದ್ಯಾರ್ಥಿಯ ಕಣ್ಣು, ಇನ್ನೊಬ್ಬ ವಿದ್ಯಾರ್ಥಿಯ ಬೇಸಿಗೆ ಇವೆ.

ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1979ರಲ್ಲಿ ವೈದ್ಯ ವಿದ್ಯಾರ್ಥಿಗಳಿಗಾಗಿ ಅಲ್ಪಾವಧಿಯ ಸಂಶೋಧನಾ ವಿದ್ಯಾರ್ಥಿವೇತನವನ್ನು ಆರಂಭಿಸಿತು. ವಿದ್ಯಾರ್ಥಿಯು ತನ್ನ ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಒಂದು ಚಿಕ್ಕ ಪ್ರಶ್ನೆಯನ್ನು ಆರಿಸಿಕೊಂಡು, ಎರಡು ತಿಂಗಳು ದುಡಿದು, ವರದಿಯನ್ನು ಒಪ್ಪಿಸಬೇಕು. ಪಠ್ಯಪುಸ್ತಕ ಹೇಳಿದ್ದನ್ನು ಒಪ್ಪಿಕೊಳ್ಳುವುದು ಒಂದು ಕಲಿಕೆ. ಹೇಳಿದ್ದು ನಿಜವೇ ಎಂದು ರೋಗಿಯ ಬಳಿ ಕುಳಿತು ನೋಡುವುದು ಇನ್ನೊಂದು.

ಈ ಎರಡನೆಯ ಕಲಿಕೆಯ ಬೆಲೆ ಮಲೆನಾಡಿಗೆ ಚೆನ್ನಾಗಿ ಗೊತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಜನರಿಗೆ ತೀವ್ರ ಜ್ವರ ಹಿಡಿಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಅದುವರೆಗೆ ಕಾಣದಿದ್ದ ವೈರಸ್ಸನ್ನು ಪತ್ತೆಹಚ್ಚಿದರು. ಉಣುಗುಗಳು ಅದನ್ನು ಹರಡುತ್ತವೆಂದು ತೋರಿಸಿಕೊಟ್ಟರು. ಆದರೆ ಮಂಗನ ಸಾವಿಗೂ ಮನುಷ್ಯನ ಜ್ವರಕ್ಕೂ ನಂಟಿದೆಯೆಂದು ಮೊದಲು ಗುರುತಿಸಿದವರು ಯಾರು? ಸೌದೆಗೆ, ತರಗೆಲೆಗೆ ಕಾಡಿಗೆ ಹೋಗುತ್ತಿದ್ದ ಹಳ್ಳಿಗರೇ. "ಮಂಗನ ಕಾಯಿಲೆ" ಎಂಬ ಹೆಸರು ಅವರ ಬಾಯಿಂದ ಬಂದದ್ದು. ವಿಜ್ಞಾನಿಯು ಅವರ ಮಾತಿಗೆ ಕಿವಿಗೊಟ್ಟಲ್ಲಿಂದಲೇ ಸಂಶೋಧನೆಗೆ ದಾರಿ ತೆರೆಯಿತು.

ಇತಿಹಾಸಕ್ಕೆ ಇನ್ನೊಂದು ಮುಖವೂ ಇದೆ. 1970ರ ದಶಕದ ಮಧ್ಯದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಬಡ ಕೂಲಿಕಾರ ಕುಟುಂಬಗಳ ಸೊಂಟ, ಮೊಣಕಾಲುಗಳನ್ನು ಕುಗ್ಗಿಸುವ ಕಾಯಿಲೆಯೊಂದು ಗಮನಕ್ಕೆ ಬಂದಿತು. ಅದು ವಂಶವಾಹಿಯಿಂದ ಬರುವ ಮೂಳೆಯ ದೋಷವೆಂದು ಅಧ್ಯಯನಗಳು ಹೇಳಿದವು. ಆದರೆ ಗುಣಪಡಿಸುವ ಮದ್ದು ದೊರೆಯಲಿಲ್ಲ. ಮಂಗನ ಕಾಯಿಲೆಯೂ ಕೊನೆಗಂಡಿಲ್ಲ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಅದರಿಂದ ತತ್ತರಿಸಿತು. ಪರಿಣಾಮ ಸಾಲದೆಂದು ಹಳೆಯ ಲಸಿಕೆಯ ಬಳಕೆ ನಿಂತಿದೆ. ಹೊಸ ಲಸಿಕೆಗಾಗಿ ಪ್ರಯತ್ನ ನಡೆದಿದೆ. ರಕ್ತ ಕೊಟ್ಟವರು, ಪ್ರಶ್ನೆಗಳಿಗೆ ಉತ್ತರಿಸಿದವರು, "ನಮಗೇನು ಬಂತು?" ಎಂದು ಕೇಳಿದರೆ ಅದನ್ನು ತಪ್ಪೆನ್ನಲಾಗದು.

ಆದ್ದರಿಂದ ರಜೆಯಲ್ಲಿ ವಾರ್ಡಿಗೆ ಕಾಲಿಡುವ ವಿದ್ಯಾರ್ಥಿಯು ಮೊದಲು ಕಲಿಯಬೇಕಾದುದು ಅನುಮತಿ ಕೇಳುವುದನ್ನು. ಏಕೆ ಕೇಳುತ್ತಿದ್ದೇನೆ, ಬೇಡವೆನ್ನುವ ಹಕ್ಕು ನಿಮಗಿದೆ, ಬೇಡವೆಂದರೆ ಚಿಕಿತ್ಸೆಗೆ ಯಾವ ಅಡ್ಡಿಯೂ ಇಲ್ಲ — ಇಷ್ಟನ್ನು ರೋಗಿಯ ಭಾಷೆಯಲ್ಲಿ, ಅವರಿಗೆ ಅರ್ಥವಾಗುವಂತೆ ಹೇಳಿ ಒಪ್ಪಿಗೆ ಪಡೆಯಬೇಕೆಂಬುದು ಇಂದಿನ ನಿಯಮ. ನಿಯಮಕ್ಕಿಂತ ಮಿಗಿಲಾಗಿ ಅದು ಮನುಷ್ಯನಿಗೆ ಮನುಷ್ಯ ತೋರುವ ಗೌರವ. ಮಂಚದ ಮೇಲಿರುವುದು ಒಂದು ಅಂಕಿಯಲ್ಲ. ಗದ್ದೆ ನಾಟಿಯ ಚಿಂತೆ, ಸಾಲದ ಚಿಂತೆ ಹೊತ್ತು ಘಟ್ಟ ಇಳಿದು ಬಂದ ಒಬ್ಬ ತಾಯಿ, ಒಬ್ಬ ತಂದೆ.

ಎರಡು ತಿಂಗಳಲ್ಲಿ ನಿಮ್ಮ ಮಗನೋ ಮಗಳೋ ಇನ್ಸುಲಿನ್ನಿನಂಥದ್ದನ್ನು ಕಂಡುಹಿಡಿಯದಿರಬಹುದು. ಲ್ಯಾಂಗರ್‌ಹಾನ್ಸನಂತೆ, ಅರ್ಥವಾಗದ ಒಂದು ಸಂಗತಿಯನ್ನು ತಿದ್ದದೆ, ಮುಚ್ಚಿಡದೆ ಬರೆದಿಟ್ಟರೂ ಸಾಕು. ಮುಂದೆಂದೋ ಇನ್ನೊಬ್ಬರಿಗೆ ಅದು ದಾರಿಯಾದೀತು. ಊರಿಗೆ ಬಂದಾಗ ಅವರನ್ನು "ಎಷ್ಟು ಅಂಕ ಬಂತು?" ಎಂದು ಕೇಳುವ ಮೊದಲು, "ಈ ಬೇಸಿಗೆಯಲ್ಲಿ ಯಾರ ಮಾತು ಕೇಳಿಸಿಕೊಂಡೆ?" ಎಂದು ಕೇಳೋಣ.